ಆಟವಿಲ್ಲದ ಸಂಜೆಯ ಹಾಡು

ಹಳೆಯ ಟಾಕೀಸು ಒಡೆಯುತ್ತಿದ್ದಾರೆಂದು ಗೊತ್ತಾದ ದಿನ ನಾನು ಟೆಂಪೊ ತೆಗೆದುಕೊಂಡು ಹೋದದ್ದು ಕಬ್ಬಿಣಕ್ಕಾಗಿ. ಗುಜರಿ ವ್ಯಾಪಾರಿಗೆ ಕಣ್ಣೀರಿಗಿಂತ ಮೊದಲು ತಕ್ಕಡಿ ನೆನಪಾಗಬೇಕು, ಇಲ್ಲದಿದ್ದರೆ ಅಂಗಡಿ ನಡೆಯುವುದಿಲ್ಲ. ಕಬ್ಬಿಣದ ಕುರ್ಚಿಗಳು, ಗೇಟು, ಟಿಕೆಟ್ ಕಿಟಕಿಯ ಸರಳು ಎಲ್ಲ ತುಂಬಿಸಿದ ಮೇಲೆ ಕೆಲಸದವನೊಬ್ಬ ತಾರಸಿಯಿಂದ ಒಂದು ಹಾರ್ನ್ ಇಳಿಸಿದ. ಕಹಳೆಯಂತೆ ಬಾಯಿ ಬಿಟ್ಟ ಹಳೇ ಲೌಡ್‌ಸ್ಪೀಕರು. ಒಳಗೆ ಗುಬ್ಬಿ ಗೂಡು ಕಟ್ಟಿ ಬಿಟ್ಟುಹೋಗಿತ್ತು. ಹುಲ್ಲು ಕಿತ್ತೆಸೆದು ಮುಖದ ಹತ್ತಿರ ತಂದೆ. ಬಿಸಿಲಿಗೆ ಕಾದ ತಗಡಿನ ವಾಸನೆ... ಅದರ ಹಿಂದೆಯೇ ಒಂದು ಕೆಮ್ಮು ನೆನಪಾಯಿತು.

ಆ ಕೆಮ್ಮನ್ನು ಕೇಳದವರು ಆಗಿನ ಕೊಳ್ಳೇಗಾಲದಲ್ಲಿ ಇರಲಿಲ್ಲ. ಟಾಕೀಸು ಇನ್ನೂ ಟೆಂಟಾಗಿದ್ದ ಕಾಲ. ಸಂಜೆ ಟೆಂಟಿನ ಯಜಮಾನರು ಮೈಕಿನ ಮುಂದೆ ಒಮ್ಮೆ ಕೆಮ್ಮಿ, ದೇವರ ಹಾಡಿನ ಗ್ರಾಮಫೋನ್ ಪ್ಲೇಟು ಹಾಕುತ್ತಿದ್ದರು. ಹಾಡು ಬಂತೆಂದರೆ ಟಿಕೆಟ್ ಶುರುವಾಯಿತೆಂದು ಅರ್ಥ. ಮಗ್ಗದವರು ಲಾಳಿ ಕೆಳಗಿಡುತ್ತಿದ್ದರು. ಯಳಂದೂರು ರಸ್ತೆಯಲ್ಲಿ ಗಾಡಿಯವರು ಎತ್ತುಗಳನ್ನು ಅವಸರಪಡಿಸುತ್ತಿದ್ದರು. ಹನೂರಿನಿಂದ ಬಸ್ಸಿನಲ್ಲಿ ಬಂದವರು ಇಳಿದ ಕೂಡಲೇ ಓಡುತ್ತಿದ್ದರು.

ಯಜಮಾನರು ಹುಟ್ಟು ಸಾಹುಕಾರರಲ್ಲ. ಬಾಡಿಗೆ ಪ್ರೊಜೆಕ್ಟರನ್ನು ಗಾಡಿಯ ಮೇಲೆ ಹೇರಿಕೊಂಡು ಊರೂರು ಅಲೆದವರು. ಗಡಿಯ ಮಾರ್ಟಳ್ಳಿಯಲ್ಲಿ ತಮಿಳು ಚಿತ್ರ, ಈಚೆ ಬಂದರೆ ಕನ್ನಡ ಚಿತ್ರ. ಜನ ಕೇಳಿದ್ದನ್ನು ತೋರಿಸು, ನಿನಗೆ ಇಷ್ಟವಾದದ್ದನ್ನು ಮನೆಯಲ್ಲಿ ನೋಡು ಎನ್ನುತ್ತಿದ್ದರು. ಅಂಗಡಿ ಇಡುವ ಹುಡುಗರಿಗೆ ನಾನು ಇವತ್ತಿಗೂ ಹೇಳುವ ಬುದ್ಧಿಮಾತು ಇದೇ. ಹಾಗೇ ಬೆಳೆದು ಟೆಂಟ್ ಹಾಕಿದರು, ಆಮೇಲೆ ಪುರಸಭೆಯ ಅಧ್ಯಕ್ಷರೂ ಆದರು. ನಾನು ಅಜ್ಜೀಪುರದಿಂದ ಬಂದು, ಮದುವೆಯಾದ ಹೊಸದರಲ್ಲಿ, ಟೆಂಟಿನ ಬಾಗಿಲಲ್ಲಿ ಸೋಡಾ ಅಂಗಡಿ ಇಟ್ಟಿದ್ದೆ.

ನಮ್ಮ ಮನೆ ಇದ್ದದ್ದು ಕೆಳಗಿನ ಬೀದಿಯಲ್ಲಿ. ಮೇಲಿನ ಬೀದಿಗೆ ನಲ್ಲಿ ಬಂದು ಎಷ್ಟೋ ಕಾಲವಾಗಿತ್ತು, ನಮ್ಮವರು ಮಾತ್ರ ಊರಾಚೆಯ ಬಾವಿಯಿಂದ ನೀರು ಹೊರಬೇಕಿತ್ತು. ಯಜಮಾನರು ಮೇಲಿನ ಬೀದಿಯ ಪೈಪನ್ನೇ ಮುಂದುವರಿಸಿ ನಮ್ಮ ಮೂಲೆಗೊಂದು ನಲ್ಲಿ ಹಾಕಿಸುತ್ತೇನೆ ಎಂದರು. ಅಷ್ಟಕ್ಕೇ ಬೆಂಕಿ ಬಿತ್ತು. ಮೇಲಿನ ಬೀದಿಯ ಮುಖಂಡರೊಬ್ಬರು ನಾಲ್ಕು ಜನರನ್ನು ಕಟ್ಟಿಕೊಂಡು ಟೆಂಟಿಗೇ ಬಂದರು. ನಾನು ಸೋಡಾ ಒಡೆದುಕೊಟ್ಟೆ. ಯಾರೂ ಕುಡಿಯಲಿಲ್ಲ.

"ಅವರೂ ನಾವೂ ಒಂದೇ ಪೈಪಿನ ನೀರು ಕುಡೀಬೇಕಾ?" ಎಂದರು ಮುಖಂಡರು.

ಯಜಮಾನರು ಬೀಡಿ ಆರಿಸಿದರು. "ನನ್ನ ಟೆಂಟಲ್ಲಿ ಅವರೂ ನೀವೂ ಒಂದೇ ಪರದೆ ನೋಡ್ತಾ ಇಲ್ವಾ? ಯಾರ ಕಣ್ಣಾರ ಓಯ್ತಾ?"

"ಟೆಂಟಿನ ಲೈಸೆನ್ಸು ಈ ತಿಂಗಳು ಮುಗೀತದಂತಲ್ಲ," ಎಂದಷ್ಟೇ ಹೇಳಿ ಮುಖಂಡರು ಎದ್ದು ಹೋದರು.

ನಾನು ಸುಮ್ಮನಿರಲಿಲ್ಲ. "ಬುದ್ದಿ, ಚೌಕಾಸಿ ಅಂದ್ರೆ ಒಸಿ ಬುಡದು, ಒಸಿ ಇಡಿಯದು. ಈಗ ಲೈಸೆನ್ಸ್ ತಕಳಿ, ನಲ್ಲಿ ವಿಚಾರ ಮುಂದಿನ ವರ್ಸ ನೋಡಮ," ಎಂದೆ. ವ್ಯಾಪಾರದ ಲೆಕ್ಕದಲ್ಲಿ ಆ ಮಾತಿನಲ್ಲಿ ಇವತ್ತಿಗೂ ತಪ್ಪು ಕಾಣುವುದಿಲ್ಲ.

ಯಜಮಾನರು ನಕ್ಕರು. "ಸೋಡಾನ ಚೌಕಾಸಿ ಮಾಡ್ಬೌದು ಕಣ್ಲಾ. ನೀರ ಎಂಗ್ಲಾ ಮಾಡೀಯೆ?"

ಲೈಸೆನ್ಸ್ ಬರಲಿಲ್ಲ. ಯಾರು ಯಾರಿಗೆ ಏನು ಹೇಳಿದರೋ... ಆಟ ನಿಂತಿತು. ಇನ್ನು ನನ್ನ ಸೋಡಾ ಬಾಟಲಿಗಳ ಮೇಲೆ ಧೂಳೇ ಗತಿ ಎನಿಸಿತು. ಆಟ ನಿಂತ ದಿನವೇ ಸಂಜೆ, ಟೆಂಟಿನ ಬಾಗಿಲಿಗೆ ಬೀಗ ಬೀಳುತ್ತದೆ ಎಂದುಕೊಂಡು ಮನೆಯಲ್ಲಿ ಕಾಲು ಚಾಚಿದ್ದೆ. ಹೊತ್ತಿಗೆ ಸರಿಯಾಗಿ ಕೆಮ್ಮು ಕೇಳಿಸಿತು. ಹಿಂದೆಯೇ ದೇವರ ಹಾಡು.

"ಆಡು ಬತ್ತಾ ಅದಲ್ಲಾ, ಏಳಿ ಮ್ಯಾಕೆ, ಸೋಡಾ ತಕಂಡೋಗಿ," ಎಂದಳು ನನ್ನ ಹೆಂಡತಿ.

"ಆಟ ಇಲ್ಲ ಕಣಮ್ಮಿ."

"ಆಟ ಇಲ್ದಿದ್ರೆ ಜನುಕ್ಕೆ ಬಾಯಾರಕಿಲ್ವಾ?"

ಓಡಿದೆ. ಹಾಡು ಕೇಳಿ ಬಂದವರು ಬಾಗಿಲಲ್ಲಿ ತುಂಬಿದ್ದರು. ಯಜಮಾನರು ಬಾಗಿಲನ್ನು ಪೂರ್ತಿ ತೆರೆದು ನಿಂತಿದ್ದರು. "ಆಟ ಇಲ್ಲ. ಬಂದು ಕೂತ್ಕಳಿ," ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಚಿತ್ರ ತೋರಿಸಲು ಲೈಸೆನ್ಸ್ ಬೇಕು, ಮರಳ ಮೇಲೆ ಕೂರಲು ಯಾವ ಲೈಸೆನ್ಸೂ ಬೇಡವಲ್ಲ! ಜನ ಕೂತರು. ಎದುರಿಗೆ ಬೆಳ್ಳಗಿನ ಪರದೆ, ಅದರ ಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಮಾತು ಶುರುವಾಯಿತು. ಯಾಕೆ ಆಟ ಇಲ್ಲ, ಯಾರು ನಿಲ್ಲಿಸಿದರು, ನಲ್ಲಿಗೂ ಸಿನಿಮಾಕ್ಕೂ ಏನು ಸಂಬಂಧ...

ಮರುದಿನವೂ ಹಾಡು, ಅದರ ಮರುದಿನವೂ. ಮೇಲಿನ ಬೀದಿಯ ಹೆಂಗಸರಿಗೂ ಸಂಜೆ ಮನೆಯಲ್ಲಿ ಕೂತು ಸಾಕಾಗಿತ್ತು, ಅವರೂ ಬಂದರು. ಒಂದು ಸಂಜೆ ಮುಖಂಡರ ಹೆಂಡತಿಯೇ ಬಂದು ನಮ್ಮ ಬೀದಿಯ ಮುದುಕಿಯೊಬ್ಬಳ ಪಕ್ಕ ಕೂತರು.

"ಏನ್ರವ್ವಾ, ನಿಮ್ಮೆಜಮಾನ್ರು ಎಲ್ಲಿ?" ಎಂದಳು ಮುದುಕಿ.

"ಮನೇಲಿ ಪೈಪ್ ಕಾಯ್ತಾ ಕೂತವ್ರೆ. ಸುಡ್ಗಾಡು ಪೈಪು, ನಮ್ಮ ಸಿನಿಮಾನೇ ನುಂಗ್ಬುಡ್ತು," ಎಂದರು ಆಕೆ. ಸುತ್ತಲಿದ್ದವರ ನಗು ನನ್ನ ಸೋಡಾ ಅಂಗಡಿಯವರೆಗೂ ಕೇಳಿಸಿತು. ಆ ಮಾತು ಬೆಳಗಾಗುವುದರೊಳಗೆ ಊರೆಲ್ಲ ಸುತ್ತಿತು. ಮೇಲಿನ ಬೀದಿಯ ಗಂಡಸರಿಗೆ ಮನೆಯಲ್ಲಿ ಮುದ್ದೆಯ ಜೊತೆ ಬೈಗುಳವನ್ನೂ ಬಡಿಸಿದರೆಂದು ಕಾಣುತ್ತದೆ. ಮುಂದಿನ ಪುರಸಭೆ ಸಭೆಯಲ್ಲಿ ವಿರೋಧವಾಗಿ ಕೈಯೆತ್ತಬೇಕಾದವರು ಮೇಜು ನೋಡುತ್ತಾ ಕೂತರು. ನಲ್ಲಿ ಪಾಸಾಯಿತು.

ನಮ್ಮ ಮೂಲೆಯಲ್ಲಿ ನೀರು ಬಂದ ದಿನ ನನ್ನ ಹೆಂಡತಿ ಮೊದಲ ಬಿಂದಿಗೆ ಹಿಡಿದು ಟೆಂಟಿಗೇ ತಂದಳು. ಯಜಮಾನರು ಬೊಗಸೆಯಲ್ಲಿ ಕುಡಿದರು. "ಚಪ್ಪೆ ಅದ ಕಣವ್ವ, ಇವನ ಸೋಡಾನೇ ವಾಸಿ," ಎಂದು ನನ್ನ ಕಡೆ ನೋಡಿ ನಕ್ಕರು.

ಲೈಸೆನ್ಸ್ ಬಂದದ್ದು ಮಳೆಗಾಲ ಕಳೆದ ಮೇಲೆ. ಅಷ್ಟರಲ್ಲಿ ಪರದೆಗೆ ಬೂಷ್ಟು ಹಿಡಿದಿತ್ತು. ಮುಂದಿನ ಚುನಾವಣೆಯಲ್ಲಿ ಅವರು ಸೋತರು. ನಲ್ಲಿಯ ನೀರು ಕುಡಿದವರಲ್ಲೇ ಕೆಲವರು ಆಚೆ ಕಡೆಗೆ ಓಟು ಹಾಕಿದ್ದರು, ನನಗೆ ಗೊತ್ತು. ಸೋತ ದಿನವೂ ಸಂಜೆ ಅದೇ ಕೆಮ್ಮು, ಅದೇ ಹಾಡು. ಟೆಂಟು ಹೋಗಿ ಗೋಡೆಯ ಟಾಕೀಸಾಯಿತು, ಟಿವಿ ಬಂತು, ಜನ ಕರಗಿದರು, ನಾನು ಸೋಡಾ ಬಿಟ್ಟು ಗುಜರಿ ಹಿಡಿದೆ. ಅವರು ತೀರಿಕೊಂಡಾಗ ನಾನು ಲೋಡು ತೆಗೆದುಕೊಂಡು ಹೊರಗಿದ್ದೆ. ಮುಖ ನೋಡಲೂ ಆಗಲಿಲ್ಲ...

ಹಾರ್ನ್ ಅಂಗಡಿಗೆ ಬಂದ ವಾರವೇ ಮೈಸೂರಿನ ಹೋಟೆಲಿನವರೊಬ್ಬರು ಕೇಳಿಕೊಂಡು ಬಂದರು. ಅದರಲ್ಲಿ ಹೂಗಿಡ ಇಡುತ್ತಾರಂತೆ. ಒಳ್ಳೆಯ ಬೆಲೆಯನ್ನೇ ಹೇಳಿದರು. ಎದುರಿನವನೇ ಮೊದಲು ಬೆಲೆ ಹೇಳಿದರೆ ಅರ್ಧ ಗೆದ್ದಂತೆ ಎಂಬುದು ನನ್ನ ಕಸುಬಿನ ಪಾಠ. ಅವತ್ತು ಆ ಪಾಠ ಬೇಕಾಗಲಿಲ್ಲ, ಹಾರ್ನ್ ಕೊಡುವುದಿಲ್ಲ ಎಂದೆ. ಯಾಕೆಂದರೆ ನಮ್ಮ ಮೂಲೆಯ ನಲ್ಲಿಯ ಮೇಲೆ ಪುರಸಭೆಯವರು ನೋಟಿಸು ಅಂಟಿಸಿದ್ದಾರೆ. ಈಗ ಮನೆಮನೆಗೆ ನಲ್ಲಿ ಇದೆ, ಬೀದಿಯದು ತೆಗೆಯಬೇಕು, ಅಲ್ಲಿ ಗಾಡಿ ನಿಲ್ಲಿಸುವ ಜಾಗ ಆಗಬೇಕು. ಮನೆಯಿಲ್ಲದವರು, ಸಂತೆಗೆ ಬಂದವರು, ಕಾಡಂಚಿನಿಂದ ಜೇನು ತಂದು ಮಾರುವವರು ಎಲ್ಲಿ ಕುಡಿಯಬೇಕು?

ಮೈಕ್ ಸೆಟ್ಟಿನವನನ್ನು ಕರೆಸಿ ಹಾರ್ನಿಗೆ ಸದ್ದು ಹೊರಡಿಸುವ ಹೊಸ ಯೂನಿಟ್ ಹಾಕಿಸಿದೆ. ಅಂಗಡಿಯ ಮಾಡಿನ ಮೇಲೆ, ಬಾಯಿ ನಲ್ಲಿಯ ಕಡೆಗೆ ಮಾಡಿ ಕಟ್ಟಿದೆ. ನಲ್ಲಿಯ ಸುತ್ತ ಹಳೆಯ ಟಾಕೀಸಿನ ಕುರ್ಚಿಗಳನ್ನು ಸಾಲಾಗಿ ಇಟ್ಟೆ. ನಿನ್ನೆ ಸಂಜೆ ದೇವರ ಹಾಡು ಹಾಕಿದೆ. ಹೊಸ ಯೂನಿಟ್ಟು, ಹಾಡು ಸ್ಪಷ್ಟವಾಗಿಯೇ ಬಂತು. ಮುಂಚೆ ಬರಬೇಕಾದ ಕೆಮ್ಮು ಮಾತ್ರ ಬರಲಿಲ್ಲ. ಅದಕ್ಕೆ ಯಾವ ಅಂಗಡಿಯಲ್ಲೂ ಬಿಡಿಭಾಗ ಸಿಗುವುದಿಲ್ಲ.

ಪಕ್ಕದ ಗ್ಯಾರೇಜಿನವನು ಕೈ ಒರೆಸಿಕೊಳ್ಳುತ್ತಾ ಬಂದ. "ಏನ್ಸಾ, ಯಾವ ಪಿಚ್ಚರ್ರು ಇವತ್ತು?"

"ಆಟ ಇಲ್ಲ ಕಣ್ಲಾ," ಎಂದೆ. "ಬಂದು ಕೂತ್ಕ."