ದೊಡ್ಡಪ್ಪನ ಹುಲ್ಲು

ಆ ಊರಿನಲ್ಲಿ ‘ಬಸವನಹುಳು’ ಎಂದರೆ ಕೆರೆಯಂಚಿನ ಪ್ರಯೋಗಾಲಯದಲ್ಲಿ ದುಡಿಯುವ ಹೆಂಗಸು. ಹಗಲೆಲ್ಲ ರಬ್ಬರ್ ಬೂಟು ಹಾಕಿಕೊಂಡು ಕೆಸರಿನಲ್ಲಿ ಬಸವನಹುಳು ಹೆಕ್ಕುವವಳಿಗೆ ಜನ ಇನ್ನೇನು ಹೆಸರಿಟ್ಟಾರು? ಅವಳಿಗೇನೂ ಬೇಸರವಿರಲಿಲ್ಲ. “ನಿಧಾನ ಹೋದ್ರೂ ಹಿಂದಕ್ಕಂತೂ ಹೋಗಲ್ಲ” ಎನ್ನುತ್ತಿದ್ದಳು.

ಅವಳನ್ನು ಸಾಕಿ ಓದಿಸಿದವರು ದೊಡ್ಡಪ್ಪ. ಕೆರೆ ಸಮಿತಿಯ ಅಧ್ಯಕ್ಷರಾಗಿ ಪ್ರಯೋಗಾಲಯದ ಕೀಲಿ ಕೊಟ್ಟವರೂ ಅವರೇ. ದಡ ಚೆಂದ ಕಾಣಲಿ ಎಂದು ದೂರದೇಶದ ಹುಲ್ಲುಗಾವಲಿನಿಂದ ಆಳೆತ್ತರದ ಹುಲ್ಲು ತರಿಸಿ ನೆಟ್ಟವರೂ ಅವರೇ! ಅದು ದಡದಲ್ಲಿದ್ದ ಹುಲ್ಲನ್ನೆಲ್ಲ ನುಂಗಿ ನೀರು ಕುಡಿಯಿತು. ಅದರ ಬುಡದಲ್ಲಿ ಬಸವನಹುಳುಗಳು ಸಂಸಾರ ಹೂಡಿದವು. ಆ ಹುಳುಗಳಿಂದ ಹೊರಬೀಳುವ, ಕಣ್ಣಿಗೆ ಕಾಣದ ಪರಾವಲಂಬಿ ಮರಿಗಳು ಈಜುವವರ ಚರ್ಮದೊಳಗೆ ನುಗ್ಗುತ್ತಿದ್ದವು. ಮಕ್ಕಳಿಗೆ ಮೈತುಂಬ ದದ್ದು.

ಹುಲ್ಲು ಕೀಳುವವರೆಗೆ ಯಾರನ್ನೂ ನೀರಿಗಿಳಿಸಬೇಡಿ ಎಂದು ಅವಳು ಸಮಿತಿಗೆ ವರದಿ ಬರೆದಳು. ಕೊಡಲು ಹೊರಟವಳನ್ನು ದೊಡ್ಡಪ್ಪ ಮನೆಯ ಜಗಲಿಯಲ್ಲೇ ತಡೆದು ನಿಲ್ಲಿಸಿದರು.

“ಹುಲ್ಲಿನ ಮಾತು ತೆಗೆದುಬಿಡಮ್ಮ. ಸೋಪಿನ ಅಲರ್ಜಿ ಅಂತ ಬರಿ.”

“ಈಜೋವಾಗ ಯಾರು ಸೋಪು ಹಚ್ಕೋತಾರೆ ದೊಡ್ಡಪ್ಪ?”

“ನಾಳೆ ಮಕ್ಕಳ ಈಜು ಸ್ಪರ್ಧೆ. ಊರವರ ಮುಂದೆ ನನ್ನ ಮರ್ಯಾದೆ ತೆಗೀತೀಯಾ? ಹಟ ಮಾಡಿದ್ರೆ ಕೀಲಿ ಕೊಟ್ಟು ಮನೇಲಿರು.”

ಅವಳು ದೊಡ್ಡಪ್ಪನ ಕೈ ನೋಡಿದಳು. ಎತ್ತಿ ಆಡಿಸಿದ ಕೈ ಅದು. ಆದರೂ ಕೆರೆದು ಕೆರೆದು ರಕ್ತ ಬಂದ ಪುಟ್ಟ ಕಾಲುಗಳನ್ನು ಅವಳು ಕಣ್ಣಾರೆ ಕಂಡಿದ್ದಳು.

“ಆಗಲ್ಲ,” ಅಂದಳು.

ಬೆಳಿಗ್ಗೆ ಕೆರೆಯ ಗೇಟಿನಲ್ಲಿ ಸಮಿತಿಯ ಹೊಸ ಫಲಕವಿತ್ತು: ‘ಈ ಕೆರೆ ನಿಮ್ಮದು, ಬನ್ನಿ!’ ಅದರ ಕೆಳಗೆ ಕೆಂಪು ಬಣ್ಣದಲ್ಲಿ ಅವಳು ಬರೆದಿದ್ದಳು: ‘ಕೆರೆತವೂ ನಿಮ್ಮದೇ.’ ಟವೆಲು ಹಿಡಿದು ಬಂದ ಅಪ್ಪ ಅಮ್ಮಂದಿರು ಓದಿ ನಕ್ಕರು. ಅದೇನೆಂದು ಅವಳನ್ನೇ ಕೇಳಿ ತಿಳಿದ ಮೇಲೆ ಮಕ್ಕಳ ಕೈಹಿಡಿದು ವಾಪಸು ಹೊರಟರು.

ದೊಡ್ಡಪ್ಪ ಕೆಂಡಾಮಂಡಲವಾಗಿ ಬಂದು ಕೈ ಚಾಚಿದರು. “ಕೀಲಿ!”

ಅವಳು ಕೀಲಿಯನ್ನು ಆ ಅಂಗೈ ಮೇಲಿಟ್ಟು, ಗೋಡೆಗೊರಗಿಸಿದ್ದ ಗುದ್ದಲಿ ಎತ್ತಿಕೊಂಡು ದಡಕ್ಕಿಳಿದಳು.

“ಏಯ್, ಅದು ನಾನು ನೆಟ್ಟ ಹುಲ್ಲು!”

“ಗೊತ್ತು. ಮನೆಯವರು ನೆಟ್ಟಿದ್ದನ್ನ ಮನೆಯವರೇ ಕೀಳ್ಬೇಕು.”

ಸ್ಪರ್ಧೆಗೆಂದು ಹಗ್ಗ ಕಟ್ಟಿಸಲು ದೊಡ್ಡಪ್ಪ ಹಿಂದಿನ ದಿನ ಮಂಡಿಯುದ್ದ ನೀರಿಗಿಳಿದಿದ್ದರು. ಈಗ ಬೈಯುತ್ತ ಬೈಯುತ್ತಲೇ ಅವರ ಕೈ ಮೀನಖಂಡಕ್ಕೆ ಹೋಯಿತು. ಪರಪರ ಸದ್ದು ಅವಳಿಗೆ ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ, ಗುದ್ದಲಿಯನ್ನೂ ನಿಲ್ಲಿಸಲಿಲ್ಲ.

“ಕೆರ್ಕೋಬೇಡಿ ದೊಡ್ಡಪ್ಪ, ಹುಣ್ಣಾಗತ್ತೆ.”