ನವಿಲುತೀರ್ಥದ ಕೊಳ್ಳದಲ್ಲಿ ಓಗೊಟ್ಟವರು

ದೆವ್ವ, ಗಾಳಿ, ಸೋಂಕು ಇವನ್ನೆಲ್ಲ ನಾನು ಚಿಕ್ಕಂದಿನಿಂದ ನಂಬಿದವಳಲ್ಲ. ರಾಮದುರ್ಗದ ನಮ್ಮ ಓಣಿಯ ಕೊನೆಗೆ ಒಂದು ಹುಣಸೆಮರವಿತ್ತು. ಹೊತ್ತು ಮುಳುಗಿದ ಮೇಲೆ ಹೆಂಗಸರು ಅದರ ಕೆಳಗೆ ಹಾಯುತ್ತಿರಲಿಲ್ಲ. ನಾನು ಹೋಗಿ ಬಿದ್ದ ಕಾಯಿ ಆರಿಸಿಕೊಂಡು ಬರುತ್ತಿದ್ದೆ. ಅವ್ವ ಬೈದರೆ, ದೆವ್ವಕ್ಕೆ ಹುಳಿ ಬೇಕಿದ್ದರೆ ಅದೂ ಬಂದು ಆರಿಸಲಿ ಎನ್ನುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಒಂದು ಮಧ್ಯಾಹ್ನ ನಡೆದದ್ದನ್ನು ಇಷ್ಟು ವರ್ಷ ಯಾರ ಮುಂದೆಯೂ ಆಡಿಲ್ಲ. ಹೆದರಿಕೆಯಿಂದಲ್ಲ. ಅದನ್ನು ಹೇಳಿದರೆ ನಾನು ಮಾಡಿದ್ದನ್ನೂ ಹೇಳಬೇಕಾಗುತ್ತದೆ, ಅದಕ್ಕೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಬರೆದದ್ದರಲ್ಲಿ ಹೆಚ್ಚುಕಡಿಮೆ ಇದ್ದರೆ ಓದುವವರು ಹೊಂದಿಸಿಕೊಳ್ಳಬೇಕು.

ನಮ್ಮದು ನೇಕಾರರ ಮನೆ. ಅಪ್ಪ ಮಗ್ಗದಲ್ಲಿ ಕೂಡುತ್ತಿದ್ದ. ಅವ್ವ ಮತ್ತು ನಾನು ರಾಟೆ ಹಿಡಿದು ಕಂಡಿಕೆ ಸುತ್ತುತ್ತಿದ್ದೆವು, ಅಂದರೆ ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ನೂಲು ತುಂಬುವುದು. ತಮ್ಮ ಈರಪ್ಪ ನನಗಿಂತ ಮೂರು ವರ್ಷಕ್ಕೆ ಚಿಕ್ಕವನು. ಅವನನ್ನು ಸಾಲಿಗೆ ಹಾಕಿದ ವರ್ಷವೇ ನನ್ನನ್ನು ಬಿಡಿಸಿದರು, ಕಂಡಿಕೆಗೆ ಇನ್ನೊಂದು ಕೈ ಬೇಕಾಗಿತ್ತು. ಅವನು ಮಗ್ಗದ ಹತ್ತಿರ ಸುಳಿದರೆ ಅಪ್ಪ ಎಬ್ಬಿಸಿ ಪುಸ್ತಕದ ಮುಂದೆ ಕೂಡಿಸುತ್ತಿದ್ದ.

ಇನ್ನೊಂದು ಮಾತು. ನಾನು ಎಡಚಿ. ಅವ್ವ ಬಡಿದು ಬಡಿದು ಊಟಕ್ಕೆ, ಅರಿಷಿಣ ಕುಂಕುಮಕ್ಕೆ ಬಲಗೈ ರೂಢಿ ಮಾಡಿಸಿದಳು. ಆದರೆ ನೂಲು ಹರಿದಾಗ ಗಂಟು ಹಾಕುವುದು ಮಾತ್ರ ಎಡಗೈಗೇ ಒಗ್ಗಿತ್ತು. ನೇಕಾರರ ಗಂಟು ಬಹಳ ಸಣ್ಣದು. ಒಂದು ಎಳೆಯನ್ನು ಮಡಚಿ, ಇನ್ನೊಂದನ್ನು ಅದರ ಸುತ್ತ ತಂದು ತನ್ನದೇ ಕೆಳಗೆ ಸಿಗಿಸಬೇಕು. ನನ್ನದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿರುತ್ತಿತ್ತು. ಅಪ್ಪ ಸೀರೆಯ ಹಿಂಬದಿ ಬೆರಳಾಡಿಸಿ, ನೋಡದೆಯೇ, "ಇದು ಈಕೀದು" ಎನ್ನುತ್ತಿದ್ದ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ನವಿಲುತೀರ್ಥದ ಆಣೆಕಟ್ಟು ಮುಗಿದು ಕೆಲವು ವರ್ಷವಾಗಿತ್ತು. ನನಗೆ ಇಪ್ಪತ್ತೆರಡು. ಮುನವಳ್ಳಿಯಲ್ಲಿದ್ದ ನಮ್ಮ ಚಿಗವ್ವ ಒಂದು ಸಂಬಂಧ ಗೊತ್ತು ಮಾಡಿ, ಕನ್ಯೆ ನೋಡುವ ಶಾಸ್ತ್ರ ತನ್ನ ಮನೆಯಲ್ಲೇ ಆಗಲಿ ಎಂದಿದ್ದಳು. ಅಪ್ಪನಿಗೆ ಮಗ್ಗ ಬಿಟ್ಟು ಬರಲಾಗಲಿಲ್ಲ. ಬೈಲಹೊಂಗಲದಲ್ಲಿ ಕಾಲೇಜು ಓದುತ್ತಿದ್ದ ಈರಪ್ಪ ಸೂಟಿಗೆ ಬಂದಿದ್ದ, ನನ್ನ ಜೊತೆಗೆ ಅವನನ್ನು ಕಳಿಸಿದರು.

ಗಂಡಿನ ಕಡೆಯವರು ಮುಂಜಾನೆಯೇ ಬಂದರು. ನಾನು ಬಲಗೈಯಲ್ಲಿ ನೀರು ಕೊಟ್ಟೆ, ಬಲಗೈಯಲ್ಲಿ ಉಪ್ಪಿಟ್ಟು ಬಡಿಸಿದೆ, ಬಲಗೈಯಲ್ಲಿ ಚಹಾ ಕೊಟ್ಟೆ. ಎಲ್ಲ ಮುಗಿಯುತ್ತ ಬಂದಿತ್ತು. ಆಗ ಈರಪ್ಪ ನನ್ನನ್ನು ಹೊಗಳಲು ಹೋದ.

"ನಮ್ಮಕ್ಕನಂಗ ಗಂಟು ಹಾಕಾವ್ರು ರಾಮದುರ್ಗದಾಗ ಇಲ್ರಿ. ಎಡಗೈಲೆ ಹಾಕ್ತಾಳ್ರಿ, ಕಣ್ಣ ಮುಚಗೊಂಡು!"

ಗಂಡಿನ ತಾಯಿ ಕಪ್ಪು ಕೆಳಗಿಟ್ಟು, "ಹುಡುಗಿ ಎಡಚಿ ಏನ್ರಿ?" ಎಂದು ಕೇಳಿದಳು. ಆಮೇಲೆ ತಿಳಿಸುತ್ತೇವೆ ಎಂದು ಎದ್ದರು. ತಿಳಿಸುತ್ತೇವೆ ಅಂದರೆ ಏನೆಂದು ಎಲ್ಲರಿಗೂ ಗೊತ್ತು. ಅದು ನನಗೆ ಬಂದ ಮೂರನೆಯ ಸಂಬಂಧ.

ಚಿಗವ್ವ ಅವನಿಗೆ, "ಬಾಯಾಗ ಲಾಳಿ ಇಟಗೊಂಡಿ ಏನಲೇ? ಸುಮ್ಮನ ಒಂದ ಕಡೆ ನಿಲ್ಲೂದಿಲ್ಲಲ್ಲ!" ಎಂದು ಬೈದಳು. ಸೀರೆ ಬದಲಿಸಿ ಚೀಲ ಹಿಡಿದುಕೊಂಡೆ.

ಕೊಳ್ಳದೊಳಗಿಂದ ನಡೆದು ಹೋಗೋಣ ಎಂದವನು ಈರಪ್ಪ. ಅವನು ಗೆಳೆಯರ ಜೊತೆ ಒಮ್ಮೆ ಬಂದು ನೋಡಿದ್ದ. ಆಣೆಕಟ್ಟಿನಿಂದ ಕೆಳಗೆ ಹೊಳೆಯ ಪಾತ್ರ ಹಿಡಿದು ನಡೆದು, ಮುಂದೆ ಮೇಲೆ ಹತ್ತಿದರೆ ಸವದತ್ತಿಯ ಬಸ್ಸು ಸಿಗುತ್ತದೆ, ನಿನಗೆ ನವಿಲು ತೋರಿಸುತ್ತೇನೆ ಎಂದ. ನನ್ನನ್ನು ಸಮಾಧಾನ ಮಾಡಬೇಕೆಂದು ಹೇಳಿದ್ದು. ನಾನು ಅವನ ಹಿಂದೆ ಹೊರಟೆ. ಒಂದು ಟ್ರ್ಯಾಕ್ಟರ್ ಆಣೆಕಟ್ಟಿನ ತನಕ ಬಿಟ್ಟಿತು. ಅಲ್ಲಿಂದ ಇಳಿದೆವು.

ಆ ಜಾಗ ಚೆಂದವೇ. ಎರಡೂ ಕಡೆ ಕೆಂಪು ಬಂಡೆ, ಗೋಡೆ ಕಟ್ಟಿದ ಹಾಗೆ ಪದರು ಪದರಾಗಿ ಎದ್ದು ನಿಂತಿದೆ. ಕೆಳಗೆ ಹೊಳೆ ಇರಲಿಲ್ಲ, ಅಲ್ಲೊಂದು ಇಲ್ಲೊಂದು ಮಡುವಿನಲ್ಲಿ ಹಸಿರು ನೀರು ನಿಂತಿತ್ತು. ನುಣುಪು ಗುಂಡುಕಲ್ಲುಗಳ ಮೇಲೆ ಕಾಲಿಟ್ಟು ಕಾಲಿಟ್ಟು ನಡೆಯಬೇಕು. ಬಿಸಿಲು ಮೇಲಿಂದಲೂ ಬರುತ್ತಿತ್ತು, ಬಂಡೆಯಿಂದಲೂ ಬರುತ್ತಿತ್ತು. ಜನ ದೂರದೂರದಿಂದ ನೋಡಲು ಬರುತ್ತಾರೆ. ನಾನು ಅವತ್ತು ಕಣ್ಣಿಗೆ ಬಿದ್ದದ್ದನ್ನು ನೋಡಿದೆ, ಅಷ್ಟೇ.

ಈರಪ್ಪ ಮುಂದೆ ನಡೆಯುತ್ತ ತಿರುತಿರುಗಿ ನನ್ನ ಮುಖ ನೋಡುತ್ತಿದ್ದ. "ಯಕ್ಕಾ, ಮಾತಾಡಬೇ. ಸಿಟ್ಟ ಇದ್ರ ಒಂದ ಹೊಡಿ. ಎಡಗೈಲೆ ಬ್ಯಾಡ ಮತ್ತ, ಸತ್ತಗಿತ್ತೇನಿ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು, "ನೀ ಹುಟ್ಟದ ಇದ್ದಿದ್ರ ನನ್ನ ಬಾಳೇ ಬ್ಯಾರೆ ಇರ್ತಿತ್ತು" ಎಂದೆ.

ಅವನು ತಿರುಗಿ ನೋಡುವುದನ್ನು ಬಿಟ್ಟು ಮುಂದೆ ನಡೆದ. ಆಮೇಲೆ, ಮೇಲೆ ಎಲ್ಲೋ ನವಿಲು ಕೂಗಿತು. "ಗರಿ ಬಿದ್ದಿರ್ತಾವು, ತರ್ತೇನಿ ತಡಿ" ಎಂದು ಪಕ್ಕದ ಒಂದು ಕಿರಿದಾದ ಸಂದಿಯೊಳಗೆ ಹತ್ತಿದ. ನಾನು ತಡೆಯಲಿಲ್ಲ, ನಿಲ್ಲಲೂ ಇಲ್ಲ.

ನೂರು ಹೆಜ್ಜೆ ಹೋಗಿರಬೇಕು. "ಯಕ್ಕಾ" ಎಂದು ಕರೆದ. ಅದು ಎಂದಿನ ಕೂಗು. ಇನ್ನಷ್ಟು ಮುಂದೆ ಹೋದ ಮೇಲೆ ಮತ್ತೊಮ್ಮೆ "ಯಕ್ಕಾ" ಎಂದ. ಅದು ಎಂದಿನ ಕೂಗಾಗಿರಲಿಲ್ಲ. ಏನೋ ಆಗಿದೆ ಎಂದು ನನಗೆ ಅನ್ನಿಸಿತು. ಇದನ್ನು ಬರೆಯಬೇಕೆಂದೇ ನಾನು ಕುಳಿತದ್ದು. ಕೇಳಿಸಲಿಲ್ಲ ಎಂದಲ್ಲ, ತಮಾಷೆ ಎಂದುಕೊಂಡೆ ಎಂದೂ ಅಲ್ಲ. ಅನ್ನಿಸಿತು, ಆದರೂ ಓ ಅನ್ನಲಿಲ್ಲ. ಕಾಲು ನಡೆದುಕೊಂಡು ಹೋದವು.

ಮೇಲೆ ಹತ್ತಿ ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ಕುಳಿತೆ. ಒಂದು ಬಸ್ಸು ಬಂತು, ಹೋಯಿತು. ಬಹಳ ಹೊತ್ತಿಗೆ ಇನ್ನೊಂದು ಬಂತು, ಅದೂ ಹೋಯಿತು. ಅಳು ಬರಲಿಲ್ಲ, ಸಿಟ್ಟು ಕೂಡ ಉಳಿದಿರಲಿಲ್ಲ. ಅಲ್ಲೇ ಇರಲಿ ಎಂದು ಒಂದು ಸಲ ಮನಸ್ಸಿನಲ್ಲಿ ಅಂದುಕೊಂಡದ್ದು ನೆನಪಿದೆ.

ಬಿಸಿಲು ಇಳಿಯುವ ಹೊತ್ತಿಗೆ ಒಬ್ಬ ಕುರಿಕಾಯುವ ಮುದುಕ ಕೊಳ್ಳದ ಅಂಚಿನಿಂದ ಕುರಿ ಹೊಡೆದುಕೊಂಡು ಬಂದ. ನನ್ನನ್ನು ನೋಡಿ ನಿಂತ.

"ಏನವಾ, ಆವಾಗಿಂದ ಕೊಳ್ಳದಾಗ ಮಾತಾಡಾಕತ್ತಾಕಿ ನೀ ಅಲ್ಲೇನು?"

"ಅಲ್ಲಜ್ಜಾ. ನಾ ಇಲ್ಲೇ ಕುಂತೇನಿ."

"ಮತ್ತ ಅದ್ಯಾರು? ಮಲಗಬ್ಯಾಡ, ಮಲಗಬ್ಯಾಡ ಅಂತ ಯಾರಿಗೋ ಬೈಯಾಕತ್ತಾಳ. ಬಗ್ಗಿ ನೋಡಿದ್ರ ಕಾಣೂದಿಲ್ಲ. ಹೆಣ್ಣಮಕ್ಕಳ ಬಾಯಿ, ನನಗ್ಯಾಕ ಅಂತ ಬಂದೆ."

ಆಗ ನಾನು ಎದ್ದೆ. ನನ್ನ ತಮ್ಮ ಕೆಳಗಿದ್ದಾನೆ ಎಂದೆ. ಮುದುಕ ಇನ್ನೊಬ್ಬ ಕುರಿಯವನನ್ನು ಕೂಗಿ ಕರೆದುಕೊಂಡ. ಮೂವರೂ ಇಳಿದೆವು.

ಈರಪ್ಪ ಹತ್ತಿದ ಸಂದಿಯಲ್ಲಿ ಮೇಲಿಂದ ಜಾರಿ, ಎರಡಾಳು ಕೆಳಗೆ ಬಂಡೆಗಳ ನಡುವೆ ಸಿಕ್ಕಿಕೊಂಡಿದ್ದ. ಮೊಳಕಾಲಿನ ಕೆಳಗೆ ಎಲುಬು ಮುರಿದು ಚರ್ಮ ಹರಿದಿತ್ತು. ಬಂಡೆಯ ಮೇಲೆ ರಕ್ತ ಒಣಗಿ ಕಪ್ಪಗಾಗಿತ್ತು. ಆದರೆ ಅವನಿಗೆ ಎಚ್ಚರವಿತ್ತು. ನನ್ನನ್ನು ನೋಡಿ, "ಮಾತು ಯಾಕ ನಿಲ್ಲಿಸಿದಿಬೇ? ಹೆದರಿಕಿ ಆಗಿತ್ತು" ಎಂದ.

ನಾನು ಅವನ ಕಾಲು ನೋಡಿದೆ. ಹೆಗಲ ಮೇಲಿದ್ದ ಟವೆಲ್ಲನ್ನು ಉದ್ದಕ್ಕೆ ಹರಿದು, ಗಾಯದ ಮೇಲ್ಭಾಗಕ್ಕೆ ಬಿಗಿಯಾಗಿ ಸುತ್ತಿದ್ದ. ಒಂದು ಪಟ್ಟಿ ಸಾಲದೆ ಎರಡನ್ನು ಜೋಡಿಸಿದ್ದ. ಜೋಡಿಸಿದ ಗಂಟು ನೇಕಾರರ ಗಂಟು. ತಿರುಗುಮುರುಗಾದದ್ದು. ಇದು ಈಕೀದು ಎಂದು ಅಪ್ಪ ಹೇಳುತ್ತಿದ್ದ ಗಂಟು.

ಮುದುಕ ಸುತ್ತ ಕೂಗಿ ನೋಡಿದ. "ಯಾರವಾ ಅಲ್ಲಿ? ಬರ್ರಿ ಹೊರಗ!" ಯಾರೂ ಬರಲಿಲ್ಲ. ಅವನು ನನ್ನ ಮುಖ ನೋಡಿದ, ಮತ್ತೆ ಕೇಳಲಿಲ್ಲ. ಕಂಬಳಿಯಲ್ಲಿ ಈರಪ್ಪನನ್ನು ಹಾಕಿಕೊಂಡು ಮೇಲೆ ತಂದು, ಹಾದು ಹೋಗುವ ಒಂದು ಲಾರಿ ನಿಲ್ಲಿಸಿ ಸವದತ್ತಿಗೆ ಒಯ್ದೆವು. ಡಾಕ್ಟರು ಪಟ್ಟಿ ಬಿಚ್ಚುತ್ತ, ಇಷ್ಟು ಬಿಗಿಯಾಗಿ ಕಟ್ಟದಿದ್ದರೆ ರಕ್ತ ಹೋಗಿಯೇ ತೀರಿಕೊಳ್ಳುತ್ತಿದ್ದ ಎಂದರು. ಕಟ್ಟಿದವರು ಯಾರು ಎಂದು ಕೇಳಿದರು. "ನಾನೇ ಕಟ್ಟಿದ್ದರಿ, ನಮ್ಮಕ್ಕ ಹೇಳಿಕೊಟ್ಳು" ಎಂದ ಈರಪ್ಪ.

ಲಾರಿಯಲ್ಲಿ, ಆಮೇಲೆ ಆಸ್ಪತ್ರೆಯಲ್ಲಿ ಅವನು ಹೇಳಿದ್ದು ಇಷ್ಟು. ಬೀಳುವ ಮೊದಲು ಒಮ್ಮೆ, ಬಿದ್ದ ಮೇಲೆ ಒಮ್ಮೆ ಅವನು ಕರೆದ. ಎರಡನೆಯ ಸಲಕ್ಕೆ ನಾನು ಓ ಎಂದೆ. ನಾನು ಕಾಣುತ್ತಿರಲಿಲ್ಲ, ಮಾತು ಮಾತ್ರ ಬರುತ್ತಿತ್ತು. ಟವೆಲ್ಲು ಹರಿ ಎಂದೆ. ಈ ತುದಿ ಮಡಚು, ಆ ತುದಿ ಸುತ್ತಿ ತಾ, ಕೆಳಗೆ ಸಿಗಿಸು ಎಂದೆ. ಕಣ್ಣು ಮುಚ್ಚಿದರೆ ಬೈದೆ. ನಡುನಡುವೆ ಕಂಡಿಕೆ ಎಣಿಸು ಎಂದು ಎಣಿಸಲು ಹಚ್ಚಿದೆ. ಕೊನೆಗೆ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದೆ.

ಅವನು ಎರಡನೆಯ ಸಲ ಕರೆದಾಗ ನಾನು ಏನು ಮಾಡಿದೆನೆಂದು ಮೇಲೆ ಬರೆದಿದ್ದೇನೆ.

ಅವತ್ತೇ ಹೇಳಬೇಕಾಗಿತ್ತು. ನಾನಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಅವ್ವ ಬಂದರು. ಅವನು ಅವರಿಗೂ ಹಾಗೆಯೇ ಹೇಳಿದ. ಅವ್ವ ನನ್ನ ಎಡಗೈ ಹಿಡಿದು ಕಣ್ಣಿಗೆ ಒತ್ತಿಕೊಂಡು ಅತ್ತಳು. ಚಿಕ್ಕಂದಿನಲ್ಲಿ ಅವಳ ಪೆಟ್ಟು ತಿಂದ ಕೈ ಅದು. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ನನಗೂ ವಿಚಾರ ಬರದೆ ಇಲ್ಲ. ಪೆಟ್ಟಿನ ಅಮಲಿನಲ್ಲಿ ಮನುಷ್ಯನಿಗೆ ಏನೇನೋ ಕೇಳಿಸುತ್ತದೆ. ಗಂಟನ್ನು ಮನೆಯಲ್ಲಿ ನೋಡಿ ನೋಡಿ ಅವನ ಕೈಗೆ ಬಂದಿರಬಹುದು. ಹೀಗೆಂದುಕೊಂಡು, ಅವನ ಕಾಲು ಕೂಡಿದ ಮೇಲೆ ಒಂದು ದಿನ ಎರಡು ಎಳೆ ಕೊಟ್ಟು, ಹಾಕು ನೋಡೋಣ ಎಂದೆ. ನಾಲ್ಕು ಸಲ ಹಾಕಿದ, ನಾಲ್ಕು ಸಲವೂ ಬಿಚ್ಚಿತು. "ನೀ ಹೇಳಿಕೊಡಲಾರದ ಹ್ಯಾಂಗ ಬರಬೇಕಬೇ" ಎಂದು ನಕ್ಕ. ಮತ್ತೆ ಆ ಮುದುಕನೂ ಕೇಳಿದ್ದನಲ್ಲ. ಅವನಿಗೆ ಯಾವ ಪೆಟ್ಟು ಬಿದ್ದಿತ್ತು?

ಎರಡು ವರ್ಷಕ್ಕೆ ನನಗೆ ನೇಸರಗಿಯಲ್ಲಿ ಗಂಡನ ಮನೆ ಸಿಕ್ಕಿತು. ಈರಪ್ಪ ಬೈಲಹೊಂಗಲದಲ್ಲಿ ಮಾಸ್ತರನಾದ. ಕಾಲು ಕುಂಟಾಗಿಯೇ ಉಳಿಯಿತು. ಆ ಕಾಲು ಎಳೆದುಕೊಂಡು ಪ್ರತಿವರ್ಷ ನಾಗರಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಬರುತ್ತಿದ್ದ, ಒಂದು ವರ್ಷವೂ ತಪ್ಪಿಸಲಿಲ್ಲ. ಮದುವೆ ಮುಂಜಿಯಲ್ಲಿ ನಾಲ್ಕು ಜನ ಸೇರಿದರೆ ಕೊಳ್ಳದ ಕಥೆ ತೆಗೆಯುತ್ತಿದ್ದ. "ನಮ್ಮಕ್ಕ ಇರಲಿಲ್ಲಂದ್ರ ನಾ ಅಲ್ಲೇ ಮಣ್ಣಾಗಿರ್ತಿದ್ದೆ." ಜನ ನನ್ನ ಕಡೆ ತಿರುಗಿ ನೋಡುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದೆ. ಎಷ್ಟು ವಿನಯದ ಸ್ವಭಾವ ಎಂದು ಹೊಗಳುತ್ತಿದ್ದರು. ಆ ಹೊಗಳಿಕೆಯನ್ನೂ ತೆಗೆದುಕೊಂಡೆ.

ಎರಡು ವರ್ಷದ ಹಿಂದೆ ಅವನು ಹಾಸಿಗೆ ಹಿಡಿದ. ನಾನು ಹೋಗಿ ಅವನ ಮನೆಯಲ್ಲೇ ಉಳಿದೆ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ, ಎಂದೂ ಕೇಳದ ಮಾತು ಕೇಳಿದ.

"ಯಕ್ಕಾ, ಅವತ್ತ ನೀ ಎಲ್ಲಿ ನಿಂತಿದ್ದಿ?"

ಚಮಚ ನಿಂತಿತು. "ಮ್ಯಾಲ" ಎಂದೆ.

"ಮಾತು ಕೆಳಗಿಂದ ಬರ್ತಿತ್ತು" ಎಂದ. "ನನ್ನ ಬೆನ್ನಿನ ಕೆಳಗಿಂದ."

ಅವನ ಬೆನ್ನಿನ ಕೆಳಗೆ ಬಂಡೆಯಿತ್ತು. ಕೈ ತೂರುವಷ್ಟೂ ಜಾಗ ಇರಲಿಲ್ಲ, ಅವನನ್ನು ಎತ್ತುವಾಗ ನಾನೇ ನೋಡಿದ್ದೆ. ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿದ. ನಾನು ಹೇಳಲಿ ಎಂದು ಕಾಯುತ್ತಿದ್ದನೋ, ಹೇಳದಿರಲಿ ಎಂದು ನೋಡುತ್ತಿದ್ದನೋ ತಿಳಿಯಲಿಲ್ಲ. "ಇರ್ಲಿ ಬಿಡಬೇ" ಎಂದು ಗೋಡೆಯ ಕಡೆ ಹೊರಳಿದ.

ಆಮೇಲೆ ಅವನು ಹನ್ನೊಂದು ದಿನ ಇದ್ದ. ಮಾತು ಸ್ಪಷ್ಟವಾಗಿಯೇ ಇತ್ತು, ಕಿವಿ ಚೆನ್ನಾಗಿ ಕೇಳುತ್ತಿತ್ತು. ಹನ್ನೊಂದು ದಿನವೂ ನಾನು ಅವನ ಹಾಸಿಗೆಯ ಪಕ್ಕದಲ್ಲೇ ಕುಳಿತಿದ್ದೆ. ಹೇಳಲಿಲ್ಲ.

ಅವತ್ತು ನನ್ನ ತಮ್ಮನಿಗೆ ಓಗೊಟ್ಟವರು ಯಾರೋ ನನಗೆ ಗೊತ್ತಿಲ್ಲ. ಯಾರನ್ನು ಕೇಳಬೇಕೋ ಅದೂ ಗೊತ್ತಿಲ್ಲ. ಓದುವವರಲ್ಲಿ ಯಾರಿಗಾದರೂ ಇಂಥದ್ದು ಆಗಿದ್ದರೆ ಅವರು ಏನೆಂದು ತಿಳಿದುಕೊಂಡರೋ ಏನೋ. ಓಗೊಡದವಳು ನಾನು. ಅದೊಂದೇ ನನಗೆ ಖಾತ್ರಿ ಇರುವುದು.