ಲಾಡಿಯ ಇನ್ನೊಂದು ತುದಿ

ಮೊನ್ನೆ ಕೊರಿಯರಿನಲ್ಲಿ ಒಂದು ಪೊಟ್ಟಣ ಬಂತು. ಬಿಚ್ಚಿದರೆ ಅಂಗೈ ಅಗಲದ ನಾಲ್ಕು ಪಟ್ಟಿಗಳು. ಎರಡು ಕೈಗೆ, ಒಂದು ಸೊಂಟಕ್ಕೆ, ಒಂದು ಕಾಲಿಗೆ. ಜೂನ್ ತಿಂಗಳ ಹೊಸ ಶಾಲೆಚೀಲದ ವಾಸನೆ ಮನೆಯೆಲ್ಲ ಹರಡಿತು. ಆಸ್ಪತ್ರೆಯ ಮಂಚಕ್ಕೆ ರೋಗಿಯನ್ನು ಕಟ್ಟುವ ಪಟ್ಟಿಗಳಿವು. ನವಿ ಮುಂಬಯಿಯ ಒಂದು ಕಾರ್ಖಾನೆ ಇವನ್ನು ಜರ್ಮನಿಗೆ ಕಳಿಸುತ್ತದೆ, ಜೊತೆಗೆ ಹೋಗುವ ಇಂಗ್ಲಿಷ್ ಕೈಪಿಡಿಯನ್ನು ಜರ್ಮನ್ನಿಗೆ ತಿರುಗಿಸಿಕೊಡುವವನು ನಾನು. ವಸ್ತುವನ್ನು ಮುಟ್ಟಿ ನೋಡಿದರೆ ಪದ ಸರಿಯಾಗಿ ಬೀಳುತ್ತದೆ ಎಂದು ಹಿಂದೊಮ್ಮೆ ದೊಡ್ಡಸ್ತಿಕೆಗೆ ಹೇಳಿದ್ದೆ. ಪಾಪ, ಅವರು ನಂಬಿ ಸ್ಯಾಂಪಲ್ ಕಳಿಸಿದ್ದರು.

ಠಾಕುರ್ಲಿಯ ನಮ್ಮ ಫ್ಲಾಟಿನಲ್ಲಿ ಇರುವವರು ಇಬ್ಬರೇ, ನಾನು ಮತ್ತು ಅಕ್ಕ. ಅಕ್ಕ ಎಂದರೆ ದೊಡ್ಡಮ್ಮನ ಮಗಳು. ಇಬ್ಬರಿಗೂ ಮದುವೆಯಾಗಲಿಲ್ಲ. ಯಾಕೆಂದು ಕೇಳಬೇಡಿ, ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟು ನಿಜವಾದದ್ದು ನಮಗೇ ಮರೆತುಹೋಗಿದೆ. ಹೋದ ವರ್ಷ ಸೊಂಟದ ಮೂಳೆ ಮುರಿದ ಮೇಲೆ ಅವಳು ಹೆಚ್ಚಾಗಿ ಒಳಕೋಣೆಯಲ್ಲಿ ಮಲಗಿರುತ್ತಾಳೆ. ಪಟ್ಟಿಗಳನ್ನು ತೋರಿಸಿದಾಗ, "ಎಂತದು ಮಾರಾಯ, ನನ್ನನ್ನು ಕಟ್ಲಿಕ್ಕೆ ತರಿಸಿದ್ದಾ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ನನ್ನ ಕೆಲಸದ ಕಷ್ಟವನ್ನು ನಿಮಗೆ ಸ್ವಲ್ಪ ಹೇಳಬೇಕು. ಇಂಗ್ಲಿಷಿನವರು 'ರಿಸ್ಟ್ರೇಂಟ್' ಎಂಬ ಒಂದೇ ಪದ ಇಟ್ಟುಕೊಂಡು ಸಂಸಾರ ನಡೆಸುತ್ತಾರೆ. ರೋಗಿಯ ಕೈ ಕಟ್ಟಿದರೂ ಅದೇ, ಸಭೆಯಲ್ಲಿ ಸಿಟ್ಟು ನುಂಗಿಕೊಂಡರೂ ಅದೇ. ಜರ್ಮನ್ನಿನಲ್ಲಿ ಹಾಗೆ ನಡೆಯುವುದಿಲ್ಲ. ಮಂಚಕ್ಕೆ ಬಿಗಿದರೆ ಫಿಕ್ಸಿಯೆರುಂಗ್, ಮನಸ್ಸು ತಡೆದುಕೊಂಡರೆ ತ್ಸುರ್ಯುಕ್‌ಹಾಲ್ಟುಂಗ್. ಕೈದಿಗೆ ಹಾಕುವುದು ಫೆಸೆಲ್, ಕುದುರೆಗೆ ತ್ಸ್ಯೂಗೆಲ್, ನಾಯಿಗೆ ಲೈನೆ. ಕೈಪಿಡಿಯಲ್ಲಿ ಒಂದು ಕಡೆ, ರೋಗಿ ಬೈದರೂ ಸಿಬ್ಬಂದಿ ರಿಸ್ಟ್ರೇಂಟ್ ತೋರಬೇಕು ಎಂದಿತ್ತು. ಆತುರದಲ್ಲಿ ಮೊದಲನೆಯ ಪದ ಹಾಕಿದ್ದರೆ ದಾದಿಯರನ್ನೇ ಮಂಚಕ್ಕೆ ಬಿಗಿಯಬೇಕಾಗುತ್ತಿತ್ತು. ಎಲ್ಲದಕ್ಕೂ ಪದ ಸಿಕ್ಕಿತು. ಒಂದು ತುದಿಯಲ್ಲಿ ಮುದುಕಿ, ಇನ್ನೊಂದು ತುದಿಯಲ್ಲಿ ಅವಳ ತಂಗಿಯ ಮಗ ಇರುವ ಲಂಗದ ಲಾಡಿಗೆ ಮಾತ್ರ ಯಾವ ನಿಘಂಟಿನಲ್ಲೂ ಪದವಿಲ್ಲ.

ದೊಡ್ಡಮ್ಮ ಬದುಕಿದ್ದಾಗ ನಾವು ಕೋಪರಿಯಲ್ಲಿದ್ದೆವು, ಠಾಣೆ ಸ್ಟೇಷನ್ನಿನ ಬಗಲಲ್ಲೇ. ಉಡುಪಿ ಕಡೆಯಿಂದ ಬಂದು ನಲವತ್ತು ವರ್ಷವಾದರೂ ದೊಡ್ಡಮ್ಮನಿಗೆ ರೈಲಿನ ಬೆರಗು ಹೋಗಿರಲಿಲ್ಲ. ವಯಸ್ಸಾಗಿ ತಲೆ ಸ್ವಲ್ಪ ಅತ್ತಿತ್ತ ಆದಾಗ ಹೇಳದೆ ಕೇಳದೆ ಹೋಗಿ ಲೇಡೀಸ್ ಡಬ್ಬಿಯಲ್ಲಿ ಕೂತುಬಿಡುತ್ತಿದ್ದಳು. ಎಲ್ಲಿಗೆ ಎಂದರೆ "ಕೊನೇವರೆಗೆ" ಎನ್ನುತ್ತಿದ್ದಳು. ಅದಕ್ಕೇ ಅಕ್ಕ ಹಳೆಯ ಲಂಗಗಳ ನಾಲ್ಕು ಲಾಡಿ ಗಂಟು ಹಾಕಿ, ಒಂದು ತುದಿ ದೊಡ್ಡಮ್ಮನ ಮಣಿಕಟ್ಟಿಗೆ, ಇನ್ನೊಂದು ತುದಿ ನನ್ನ ಕಾಲಿಗೆ ಕಟ್ಟಿದಳು. ಪಕ್ಕದ ಮನೆಯವರು ಮೂಗು ಮುರಿದರು. ದೊಡ್ಡಮ್ಮನಿಗೆ ಬೇಸರವೇ ಇರಲಿಲ್ಲ. "ನನ್ನನ್ನು ಕಟ್ಟಿದ್ದಲ್ಲ, ಇವನನ್ನು ಕಟ್ಟಿದ್ದು. ಇಲ್ಲದಿದ್ರೆ ಜರ್ಮನಿಗೆ ಓಡಿ ಹೋಗ್ತಾನೆ" ಎನ್ನುತ್ತಿದ್ದಳು.

ಪಾರ್ಶ್ವವಾಯು ಬಡಿದು ಅವಳು ಮಗ್ಗುಲು ಕೂಡ ಬದಲಿಸಲಾರದೆ ಮಲಗಿದ ಮೇಲೂ ಲಾಡಿ ಉಳಿಯಿತು. ಅವಳ ದನಿ ಸಣ್ಣದಾಗಿತ್ತು, ರೈಲುಗಳ ಗದ್ದಲದಲ್ಲಿ ಮನೆ ಮುಂದಿನ ಗ್ಯಾಲರಿಯವರೆಗೆ ಕೇಳುತ್ತಿರಲಿಲ್ಲ. ಒಂದು ಕೈ ಮಾತ್ರ ಆಡುತ್ತಿತ್ತು. ಅವಳು ಒಮ್ಮೆ ಎಳೆದರೆ ನನ್ನನ್ನು ಕರೆದಂತೆ, ನಾನು ಎರಡು ಸಲ ಎಳೆದರೆ 'ಬಂದೆ' ಎಂದಂತೆ. ಅಕ್ಕ ಬೆಳಗ್ಗೆ ಬೇಲಾಪುರದ ಆಫೀಸಿಗೆ ಹೋದರೆ ಬರುವುದು ಸಂಜೆ. ನಾನು ಡಿಗ್ರಿ ಮುಗಿಸಿ, ಕೆಲಸವಿಲ್ಲದೆ, ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಜರ್ಮನ್ ಕಲಿಯುತ್ತಿದ್ದೆ. ಲಾಡಿ ಇಲ್ಲದಿದ್ದರೆ ನಾನು ಜವಾಬ್ದಾರನಲ್ಲ ಎಂದು ಅಕ್ಕನಿಗೆ ಮೊದಲೇ ಹೇಳಿದ್ದೆ. ಮನೆಯಲ್ಲಿ ಸುಮ್ಮನೆ ಕೂತವನಿಗೂ ಷರತ್ತುಗಳಿರುತ್ತವೆ ನೋಡಿ.

ಆ ಮಧ್ಯಾಹ್ನ ಜರ್ಮನ್ ಕ್ಲಾಸಿನ ಮೇಡಮ್ ಕೊಟ್ಟ ಅನುವಾದದ ಪಾಠ ಮಾಡುತ್ತಿದ್ದೆ. ಕಾಲಿಗೆ ಒಂದು ಎಳೆತ. ಎರಡು ಸಲ ಎಳೆದು ಉತ್ತರ ಕೊಟ್ಟೆ, ಎದ್ದು ಹೋಗಲಿಲ್ಲ. ವಾಕ್ಯ ಅರ್ಧಕ್ಕೆ ನಿಂತಿತ್ತು. ಇನ್ನೊಮ್ಮೆ ಎಳೆತ, ಮತ್ತೆ ನನ್ನ ಎರಡು. ಮೂರನೆಯದು ಬಹಳ ಹೊತ್ತಿನ ಮೇಲೆ ಬಂತು, ಮೆಲ್ಲಗೆ. ಆಮೇಲೆ ನಿಂತಿತು. ನಿದ್ದೆ ಹೋದಳು ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ ಎರಡು ಪುಟ ಒಂದೇ ಉಸಿರಿಗೆ ಮುಗಿಸಿದೆ. ಸಂಜೆ ಅಕ್ಕ ಒಳಗೆ ಹೋಗಿ "ಅಮ್ಮಾ" ಎಂದು ಕೂಗಿದ್ದು ಕೇಳಿ ಓಡಿದೆ, ಕಾಲಿನ ಗಂಟು ಬಿಚ್ಚಲು ಮರೆತು. ದೊಡ್ಡಮ್ಮ ತಣ್ಣಗಾಗಿದ್ದಳು. ಲಾಡಿಯ ಆ ತುದಿ ಆಗಲೇ ಅಕ್ಕನ ಮಡಿಲಲ್ಲಿತ್ತು. "ಈಗಷ್ಟೇ ಚಹಾ ಕುಡಿಸಿದ್ದೆ" ಎಂದೆ ನಾನು. ಬಂದವರೆಲ್ಲ ಪುಣ್ಯವಂತೆ, ಸುಖವಾಗಿ ಹೋದಳು ಎಂದರು. ಆ ಸುಳ್ಳಿಗೆ ಇಪ್ಪತ್ತು ವರ್ಷದ ಮೇಲಾಯಿತು, ಇಂದಿಗೂ ನೆನೆದರೆ ನಾಚಿಕೆಯಾಗುತ್ತದೆ.

ಅಂದಿನಿಂದ ಕೆಲವು ಮಧ್ಯಾಹ್ನ, ಬರೆಯುತ್ತ ಕೂತಾಗ, ಬಲಗಾಲನ್ನು ಯಾರೋ ಎಳೆದಂತಾಗುತ್ತದೆ. ಡಾಕ್ಟರು ನರದ ದೌರ್ಬಲ್ಯ ಎಂದು ಮಾತ್ರೆ ಕೊಟ್ಟಿದ್ದಾರೆ. ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತೇನೆ.

ಈಗ ಕೈಪಿಡಿಯ ವಿಷಯ. ರೋಗಿಗಳಿಗೆ ಸಂಬಂಧಿಸಿದ ಕಾಗದಗಳನ್ನು ನಮ್ಮಲ್ಲಿ ಎರಡು ಸಲ ತಿರುಗಿಸುತ್ತಾರೆ. ನಾನು ಜರ್ಮನ್ನಿಗೆ ಮಾಡಿದ್ದನ್ನು, ಮೂಲ ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತರುತ್ತಾರೆ. ಆಮೇಲೆ ಎರಡೂ ಇಂಗ್ಲಿಷನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡುವುದು. ಹಾಗೆ ಮತ್ತೆ ಇಂಗ್ಲಿಷಿಗೆ ತಂದವಳು ಭಾಗ್ಯಶ್ರೀ. ಅವಳ ಅಪ್ಪ ರಾಯಚೂರಿನಿಂದ ಕಟ್ಟಡದ ಕೆಲಸಕ್ಕೆ ಬಂದವರು, ಅವಳು ಕಲ್ಯಾಣದಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲೇ ಉತ್ತರ. ತಾಳೆ ನೋಡಿದ ದಿನ ಫೋನು ಮಾಡಿದಳು.

"ಸರ್, ಆಠ್ವೇ ಪೇಜ್ ಪರ್ ಏಕ್ ಲೈನ್ ಜ್ಯಾದಾ ಹೈ. ಓರಿಜಿನಲ್ ಮೇಂ ಹೈ ಹೀ ನಹೀಂ."

"ಎಂಟನೇ ಪುಟದಲ್ಲಿ ಮೂಲದಲ್ಲಿಲ್ಲದ ಸಾಲಾ? ಯಾವುದಮ್ಮಾ? ನೀನೇ ಸೇರಿಸಿರಬೇಕು."

"ನಹೀಂ ಸರ್. ಆಪ್ ಕೇ ಜರ್ಮನ್ ಮೇಂ ಹೈ. ದೇಖಿಯೇ ನಾ."

ನೋಡಿದೆ. ಹದಿನೈದು ನಿಮಿಷಕ್ಕೊಮ್ಮೆ ಪಟ್ಟಿಯನ್ನು ಪರೀಕ್ಷಿಸಿ ಎಂಬ ಸೂಚನೆಯ ಕೆಳಗೆ, ನನ್ನದೇ ಫೈಲಿನಲ್ಲಿ, ನನ್ನದೇ ವಾಕ್ಯರಚನೆಯಲ್ಲಿ ಇತ್ತು: 'ಮೂರನೆಯ ಎಳೆತದ ನಂತರ ಆಕೆ ಸುಮ್ಮನಾದರೆ ನೆಮ್ಮದಿ ಪಡಬೇಡಿ.' ಅದನ್ನು ಬರೆದ ನೆನಪು ನನಗಿಲ್ಲ. ಆ ಪುಟವನ್ನು ಮಾಡಿದ ನೆನಪಿದೆ, ಮಧ್ಯೆ ಚಹಾಕ್ಕೆ ಎದ್ದ ನೆನಪಿದೆ, ಈ ಸಾಲು ಮಾತ್ರ ಇಲ್ಲ.

ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಒಳಕೋಣೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಚಹಾ ಕುಡಿಸಿರಲಿಲ್ಲ, ಮೂರು ಸಲ ಕರೆದಳು, ನಾನು ಹೋಗಲಿಲ್ಲ ಎಂದೆ. ಅಕ್ಕ ನನ್ನ ಕಡೆಗೆ ತಲೆ ತಿರುಗಿಸಿದಳು.

"ಎಳೆದದ್ದು ನಿಜವಾ?"

"ನಿಜ. ಮೂರು ಸಲ."

"ಅದು ಆಗ್ಲಿಕ್ಕಿಲ್ಲ" ಎಂದಳು. "ಅವತ್ತು ಬೆಳಗ್ಗೆ ಅಮ್ಮನ ಕೈ ಬಾತಿತ್ತು, ಲಾಡಿ ಒತ್ತಿ ಕೆಂಪಾಗಿತ್ತು. ಬಿಚ್ಚಿ ಮಂಚದ ಕಾಲಿಗೆ ಕಟ್ಟಿ ಹೋದೆ, ಗೋಡೆ ಬದಿಯ ಕಾಲಿಗೆ. ಅಲ್ಲಿಗೆ ಅವಳ ಕೈ ಎಟುಕುದಿಲ್ಲ. ಲಾಡಿ ಇಲ್ಲದಿದ್ರೆ ನೀನು ಕೂರುದಿಲ್ಲ ಅಂದಿದ್ದೆಯಲ್ಲ, ಅದಕ್ಕೆ ನಿನಗೆ ಹೇಳ್ಲಿಲ್ಲ. ಸಂಜೆ ನೀನು ಬರುವ ಮೊದಲು ಅಲ್ಲಿಂದಲೇ ಬಿಚ್ಚಿದ್ದು."

ಅಕ್ಕ ಹೊದಿಕೆಯನ್ನು ಸರಿಮಾಡಿಕೊಂಡಳು. "ಅವಳು ಕರೆದ್ರೂ ನಿನಗೆ ಗೊತ್ತಾಗದ ಹಾಗೆ ಮಾಡಿದ್ದು ನಾನು. ಇಷ್ಟು ವರ್ಷ ಅದೇ ಕೊರಗು ನನಗೆ."

ನಾವಿಬ್ಬರೂ ಒಂದೇ ಮನೆಯಲ್ಲಿ, ಒಂದೇ ಸಾವನ್ನು, ಒಬ್ಬರಿಗೊಬ್ಬರು ಹೇಳದೆ ಸಾಕಿದ್ದೆವು. ಯಾರ ತಪ್ಪು ದೊಡ್ಡದು ಎಂದು ಅಳೆಯಲು ಇಬ್ಬರಿಗೂ ಮನಸ್ಸಾಗಲಿಲ್ಲ. ಹಾಗಾದರೆ ಎಳೆದವರು ಯಾರು ಎಂದು ಅಕ್ಕ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಗೆ ಡೊಂಬಿವಲಿ ಕಡೆಯ ಲೋಕಲ್ ಹೋಯಿತು.

ಎಂಟನೆಯ ಪುಟದ ಸಾಲನ್ನು ತೆಗೆದು ಫೈಲು ಕಳಿಸಿದೆ. ಮೂಲದಲ್ಲಿ ಇಲ್ಲದ್ದನ್ನು ಸೇರಿಸುವ ಅಧಿಕಾರ ಅನುವಾದಕನಿಗಿಲ್ಲ. ಪಟ್ಟಿಗಳನ್ನು ಮತ್ತೆ ಪೊಟ್ಟಣಕ್ಕೆ ತುಂಬಿ ಕಪಾಟಿನ ಮೇಲೆ ಇಟ್ಟೆ.

ಇವತ್ತು ಮಧ್ಯಾಹ್ನ ಇದನ್ನು ನಿಮಗಾಗಿ ಬರೆಯುತ್ತಿದ್ದಾಗ ಬಲಗಾಲಿಗೆ ಒಂದು ಎಳೆತ ಬಂತು. ವಾಕ್ಯ ಅರ್ಧಕ್ಕೆ ನಿಂತಿತ್ತು. ಪೆನ್ನು ಕೆಳಗಿಟ್ಟು ಎದ್ದು ಒಳಗೆ ಹೋದೆ. ಅಕ್ಕ ಕಣ್ಣು ಬಿಟ್ಟು ಬಾಗಿಲ ಕಡೆಗೇ ನೋಡುತ್ತಿದ್ದಳು.

"ನಾನು ಕರೀಲಿಲ್ಲ" ಎಂದಳು.

"ಗೊತ್ತು" ಎಂದು ಅವಳ ಕಾಲ ಬಳಿ ಕೂತೆ.